ಕಾರನ್ನು ಬಲ್ಲ ಗ್ರಾಹಕ: ಬಿಡಿಭಾಗ ವ್ಯಾಪಾರಕ್ಕೆ ಹೊರೆಯೋ, ಆಸ್ತಿಯೋ?

ಆಯುಧಪೂಜೆಗೆ ಮುಂಚಿನ ವಾರವೆಂದರೆ ಕಾರು ಅಲಂಕಾರ ಸಾಮಗ್ರಿಗಳ ಅಂಗಡಿಗಳಿಗೆ ಸುಗ್ಗಿಯ ಕಾಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಪುಟ್ಟ ಮಳಿಗೆಗಳವರೆಗೆ ಶಾಂಪೂ, ಪಾಲಿಶ್, ಸೀಟ್ ಕವರ್, ನೆಲಹಾಸುಗಳ ಮಾರಾಟ ಭರದಿಂದ ಸಾಗುತ್ತದೆ. ವಾಟರ್ ಸರ್ವಿಸ್ ಕೇಂದ್ರಗಳ ಮುಂದೆ ವಾಹನಗಳು ಸಾಲುಗಟ್ಟುತ್ತವೆ. ಹಬ್ಬ ಮುಗಿದ ಮರುದಿನ ಎಲ್ಲವೂ ತಣ್ಣಗಾಗುತ್ತದೆ. ವರ್ಷಕ್ಕೊಮ್ಮೆ ಬರುವ ಈ ಗ್ರಾಹಕನನ್ನು ನಂಬಿಯೇ ಅನೇಕ ವರ್ತಕರು ತಮ್ಮ ದಾಸ್ತಾನು, ಸಾಲ, ನೌಕರರ ಸಂಖ್ಯೆ ಎಲ್ಲವನ್ನೂ ನಿರ್ಧರಿಸುತ್ತಾರೆ.

ಇದಕ್ಕೆ ಭಿನ್ನವಾದ ಇನ್ನೊಂದು ವರ್ಗದ ಗ್ರಾಹಕರಿದ್ದಾರೆ. ಭಾನುವಾರ ಬೆಳಿಗ್ಗೆ ತಮ್ಮ ಕಾರನ್ನು ತಾವೇ ತೊಳೆಯುವವರು; ಇಂಜಿನ್ ಆಯಿಲ್ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿ ಕೊಳ್ಳುವವರು; ಟೈರಿನ ಗಾಳಿಯನ್ನು ಸ್ವಂತ ಮಾಪಕದಿಂದ ಅಳೆಯುವವರು; ದೀಪ, ಚಕ್ರ, ಧ್ವನಿವ್ಯವಸ್ಥೆಗಳನ್ನು ತಿಂಗಳುಗಟ್ಟಲೆ ವಿಚಾರಿಸಿ ಬದಲಾಯಿಸಿಕೊಳ್ಳುವವರು. ಇವರ ಸಂಖ್ಯೆ ಕಡಿಮೆ, ಪ್ರಶ್ನೆಗಳು ಹೆಚ್ಚು. ಆದ್ದರಿಂದಲೇ ಗಲ್ಲೆಯ ಮುಂದೆ ಇವರು ಕಂಡೊಡನೆ ಹಲವು ವರ್ತಕರ ಮುಖ ಗಂಟಿಕ್ಕುತ್ತದೆ. ಈ ಮನೋಭಾವ ಬದಲಾಗಬೇಕಾದ ಕಾಲ ಈಗ ಬಂದಿದೆ. ಕಾರಿನ ಬಿಡಿಭಾಗ ಹಾಗೂ ಪೂರಕ ಸಾಮಗ್ರಿಗಳ ವ್ಯಾಪಾರ ಮುಂದಿನ ವರ್ಷಗಳಲ್ಲಿ ಉಳಿಯಬೇಕಾದರೆ, ಅದು ಆಯುಧಪೂಜೆಯ ಗ್ರಾಹಕನಿಗಿಂತ ಭಾನುವಾರದ ಗ್ರಾಹಕನನ್ನು ಹೆಚ್ಚು ಅವಲಂಬಿಸಬೇಕಾಗುತ್ತದೆ.

ಕುಗ್ಗುತ್ತಿರುವ ಹಳೆಯ ನೆಲೆ

1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿದ ನಂತರದ ಎರಡು ದಶಕಗಳು ಪೂರಕ ಸಾಮಗ್ರಿ ವ್ಯಾಪಾರದ ಸುವರ್ಣಯುಗವೆಂದರೆ ತಪ್ಪಾಗದು. ಕಾರ್ಖಾನೆಯಿಂದ ಹೊರಬರುತ್ತಿದ್ದ ಕಾರಿನಲ್ಲಿ ಇಲ್ಲದ ವಸ್ತುಗಳೇ ಹೆಚ್ಚಾಗಿದ್ದವು. ಧ್ವನಿವ್ಯವಸ್ಥೆ, ಸೆಂಟ್ರಲ್ ಲಾಕ್, ಪವರ್ ವಿಂಡೋ, ಎಡಬದಿಯ ಕನ್ನಡಿ, ಮಂಜುದೀಪ ಎಲ್ಲವೂ ಅಂಗಡಿಯಲ್ಲೇ ಸೇರಬೇಕಾಗಿತ್ತು. ಕಾರ್ಖಾನೆ ಬಿಟ್ಟ ಕೊರತೆಯನ್ನು ತುಂಬುವುದೇ ವ್ಯಾಪಾರವಾಗಿತ್ತು.

ಆ ಕೊರತೆ ಈಗ ಬಹುಮಟ್ಟಿಗೆ ತುಂಬಿದೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಹಿಂಬದಿ ಪಾರ್ಕಿಂಗ್ ಸೆನ್ಸರ್, ವೇಗದ ಎಚ್ಚರಿಕೆ, ಸೀಟ್ ಬೆಲ್ಟ್ ಜ್ಞಾಪಕ ಹಾಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಒಂದೊಮ್ಮೆ ಪ್ರತಿ ಅಂಗಡಿಯಲ್ಲೂ ಚುರುಕಾಗಿ ಮಾರಾಟವಾಗುತ್ತಿದ್ದ ರಿವರ್ಸ್ ಸೆನ್ಸರ್ ಈ ಒಂದು ನಿಯಮದಿಂದಲೇ ಹೊಸ ಕಾರುಗಳ ಮಟ್ಟಿಗೆ ಮಾರುಕಟ್ಟೆ ಕಳೆದುಕೊಂಡಿತು. ಡ್ಯಾಶ್‌ಬೋರ್ಡಿನ ಪರದೆಯೇ ಹವಾನಿಯಂತ್ರಣ, ಕ್ಯಾಮೆರಾ, ಮಾಹಿತಿಗಳೆಲ್ಲದರ ಕೇಂದ್ರವಾಗಿರುವ ಮಾದರಿಗಳಲ್ಲಿ ಹಳೆಯ ಸ್ಟೀರಿಯೊ ಕಳಚಿ ಹೊಸದನ್ನು ಕೂರಿಸುವ ಕೆಲಸಕ್ಕೂ ಅವಕಾಶವಿಲ್ಲ. ಸೀಟ್ ಕವರಿನಂಥ ಸಾಧಾರಣ ವಸ್ತುವೂ ಈಗ ಸಾಧಾರಣವಾಗಿ ಉಳಿದಿಲ್ಲ. ಪಾರ್ಶ್ವ ಏರ್‌ಬ್ಯಾಗುಗಳು ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಹೊರಬದಿಯ ಹೊಲಿಗೆಯೊಳಗೇ ಇರುತ್ತವೆ. ಆ ಭಾಗವನ್ನು ಬಿಗಿಯಾಗಿ ಮುಚ್ಚುವ ಕವರ್ ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳುವುದಕ್ಕೆ ಅಡ್ಡಿಯಾಗಬಲ್ಲದು. ಅಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ವಿಶೇಷ ಹೊಲಿಗೆ ಇದೆಯೇ ಎಂದು ಕೇಳುವ ಗ್ರಾಹಕ ತಕರಾರು ಮಾಡುತ್ತಿಲ್ಲ, ಕೇಳಬೇಕಾದುದನ್ನೇ ಕೇಳುತ್ತಿದ್ದಾನೆ.

ಕೊರತೆ ತುಂಬುವ ವ್ಯಾಪಾರ ಹೋದ ಮೇಲೆ ಉಳಿಯುವುದು ಪಾಲನೆಯ ವ್ಯಾಪಾರ. ಕಾರು ಎಷ್ಟೇ ಸುಸಜ್ಜಿತವಾಗಿದ್ದರೂ ಅದಕ್ಕೆ ಧೂಳು ಹಿಡಿಯುತ್ತದೆ, ಆಯಿಲ್ ಹಳತಾಗುತ್ತದೆ, ಟೈರ್ ಸವೆಯುತ್ತದೆ, ವೈಪರ್ ರಬ್ಬರ್ ಒಣಗುತ್ತದೆ. ಈ ಬೇಡಿಕೆ ಹಬ್ಬಕ್ಕೆ ಮಾತ್ರ ಸೀಮಿತವಲ್ಲ, ವರ್ಷದ ಹನ್ನೆರಡು ತಿಂಗಳೂ ಇರುವಂಥದು.

ತೊಳೆಯುವುದರ ಹಿಂದಿನ ತಿಳಿವಳಿಕೆ

ಕಾರಿನ ಹೊರಮೈ ಒಂದೇ ಪದರದ ಬಣ್ಣವಲ್ಲ. ತಗಡಿನ ಮೇಲೆ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಹೊಳಪು ನೀಡುವುದೂ ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಈ ಮೇಲಿನ ಪದರವೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಎಂದರೆ ತಲೆಗೂದಲಿಗಿಂತಲೂ ತೆಳು. ಧೂಳು ಕೂತಿರುವ ಮೈಯನ್ನು ಒಣಬಟ್ಟೆಯಿಂದ ಉಜ್ಜಿದರೆ ಮರಳಿನ ಕಣಗಳು ಈ ಪದರವನ್ನು ಗೀರುತ್ತವೆ. ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ವೃತ್ತಾಕಾರದ ಗೀರುಗಳಿಗೆ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಕಾರಣ. ಆ ಗೀರು ಹೋಗಲೆಂದು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಯಂತ್ರದಿಂದ ತಿಕ್ಕಿದಾಗ ಕ್ಲಿಯರ್ ಕೋಟಿನ ಕೆಲವು ಮೈಕ್ರಾನುಗಳೇ ಸವೆದುಹೋಗುತ್ತವೆ. ಹೊಳಪು ಬರುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ. ಹಬ್ಬಕ್ಕೊಮ್ಮೆ "ರಬ್ಬಿಂಗ್ ಪಾಲಿಶ್" ಮಾಡಿಸುವ ವಾಡಿಕೆ ಕಾರನ್ನು ನಿಧಾನವಾಗಿ ಬೋಳಾಗಿಸುವ ವಾಡಿಕೆಯೂ ಹೌದು.

ಇದನ್ನು ಬಲ್ಲ ಮಾಲೀಕರು ಎರಡು ಬಕೆಟ್ ಪದ್ಧತಿಯನ್ನು ಅನುಸರಿಸುತ್ತಾರೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯ ಮರಳನ್ನು ತೊಳೆದುಕೊಳ್ಳುವ ತಿಳಿನೀರು. ಪಾತ್ರೆ ತೊಳೆಯುವ ಸಾಬೂನು, ಬಟ್ಟೆಯ ಡಿಟರ್ಜೆಂಟ್ ಹಚ್ಚಿದರೆ ಮೇಣದ ರಕ್ಷಣೆ ಹೋಗುತ್ತದೆಂದು ಕಾರಿಗೆಂದೇ ತಯಾರಾದ ಕ್ಷಾರರಹಿತ ಶಾಂಪೂ ಕೊಳ್ಳುತ್ತಾರೆ. ಹಳೆಯ ಬನಿಯನ್ನಿನ ಬದಲು ಮೈಕ್ರೋಫೈಬರ್ ಬಟ್ಟೆ ಬಳಸುತ್ತಾರೆ. ಅದರಲ್ಲೂ ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ, ಪಾಲಿಯೆಸ್ಟರ್ ಎಷ್ಟು, ಪಾಲಿಅಮೈಡ್ ಎಷ್ಟು ಎಂದು ವಿಚಾರಿಸುತ್ತಾರೆ. ಕೊಳವೆಬಾವಿಯ ಗಡಸು ನೀರು ಮೈಮೇಲೆ ಒಣಗಿದರೆ ಸುಣ್ಣದ ಕಲೆ ಉಳಿಯುವುದರಿಂದ ಒರೆಸಲು ಬೇರೆಯೇ ದಪ್ಪ ಬಟ್ಟೆ ಇಟ್ಟುಕೊಳ್ಳುತ್ತಾರೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿ ಮತ್ತು ಜಡಿಮಳೆ, ಬಳ್ಳಾರಿಯ ಕೆಂಪು ಧೂಳು, ಬೆಂಗಳೂರಿನ ಸಾಲುಮರಗಳ ಅಂಟು ಮತ್ತು ಹಕ್ಕಿಯ ಹಿಕ್ಕೆ, ಇವು ಒಂದೊಂದೂ ಒಂದೊಂದು ಬಗೆಯ ಪಾಲನೆಯನ್ನು ಬೇಡುತ್ತವೆ. ಊರಿಗೆ ತಕ್ಕ ಸರಕನ್ನು ಇಡುವ ಅಂಗಡಿಗೆ ಸ್ಪರ್ಧೆಯ ಭಯ ಕಡಿಮೆ.

ನೀರಿನ ಪ್ರಶ್ನೆಯನ್ನು ಇಲ್ಲಿ ಬದಿಗಿಡಲಾಗದು. 2024ರ ಮಾರ್ಚ್‌ನಲ್ಲಿ, ತೀವ್ರ ಅಭಾವದ ನಡುವೆ, ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡಿತು. ಆದರೂ 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಹೊರಬಿತ್ತು. ನಿಮಿಷಕ್ಕೆ 10ರಿಂದ 15 ಲೀಟರ್ ಹರಿಸುವ ಪೈಪನ್ನು ಕಾಲು ಗಂಟೆ ತೆರೆದಿಟ್ಟರೆ 150ರಿಂದ 225 ಲೀಟರ್ ನೀರು ಚರಂಡಿ ಸೇರುತ್ತದೆ. ಎರಡು ಬಕೆಟ್ ಪದ್ಧತಿಯಲ್ಲಿ 30ರಿಂದ 40 ಲೀಟರ್ ಸಾಕು. ಅಧಿಕ ಒತ್ತಡದ ಗೃಹಬಳಕೆಯ ತೊಳೆಯುವ ಯಂತ್ರ ನಿಮಿಷಕ್ಕೆ 6ರಿಂದ 8 ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಹಗುರವಾದ ಧೂಳಿಗೆ ಮತ್ತೆ ಜಾಲಿಸುವ ಅಗತ್ಯವಿಲ್ಲದ ದ್ರಾವಣಗಳೂ ಇವೆ. ಅವುಗಳಿಗೆ ಒಂದು ಬಕೆಟ್ ನೀರೂ ಅಧಿಕ. ನೀರು ಉಳಿಸುವ ಸಾಮಗ್ರಿಗೆ ಇಷ್ಟೊಂದು ಸಹಜವಾದ ಬೇಡಿಕೆ ಇರುವಾಗ ಸಣ್ಣ ರಾಸಾಯನಿಕ ಘಟಕಗಳು ಇನ್ನೂ ಬಣ್ಣದ ನೀರಿಗೆ ಸುಗಂಧ ಬೆರೆಸಿದ ಅಗ್ಗದ ಶಾಂಪೂವನ್ನೇ ತುಂಬುತ್ತಿರುವುದು ವಿಷಾದನೀಯ. ಅನೇಕ ಡಬ್ಬಿಗಳ ಮೇಲೆ ತಯಾರಕರ ವಿಳಾಸ, ತಯಾರಾದ ತಿಂಗಳು, ನಿವ್ವಳ ಪ್ರಮಾಣಗಳೂ ಇರುವುದಿಲ್ಲ. ಇವು 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಕಡ್ಡಾಯಗೊಳಿಸಿದ ಕನಿಷ್ಠ ವಿವರಗಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಸೆರಾಮಿಕ್ ಲೇಪನದ ವಿಷಯದಲ್ಲಿ ವಿಶೇಷವಾಗಿ ಒಪ್ಪುತ್ತದೆ. ಸಿಲಿಕಾ ಆಧಾರಿತ ಈ ಲೇಪನ ನೀರು ನಿಲ್ಲದಂತೆ ನೋಡಿಕೊಳ್ಳುತ್ತದೆ, ತೊಳೆಯುವುದನ್ನು ಸುಲಭಗೊಳಿಸುತ್ತದೆ, ಅಷ್ಟರಮಟ್ಟಿಗೆ ಉಪಯುಕ್ತವೇ. ಆದರೆ "9 ಎಚ್ ಗಡಸುತನ, ವಜ್ರದಷ್ಟು ಬಲ" ಎಂಬ ಜಾಹೀರಾತು ಗ್ರಾಹಕನ ದಾರಿ ತಪ್ಪಿಸುವಂಥದು. 9 ಎಚ್ ಎಂಬುದು ಪೆನ್ಸಿಲ್ ಸೀಸದ ಗಡಸುತನದ ಮಾನ. ಖನಿಜಗಳ ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾರಿಬರುವ ಜಲ್ಲಿಕಲ್ಲನ್ನು ತಡೆಯುವ ಶಕ್ತಿ ಈ ಲೇಪನಕ್ಕಿಲ್ಲ. ಅದಕ್ಕೆ ಬೇಕಾದುದು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ರಕ್ಷಾಫಿಲ್ಮ್. ಈ ಭೇದವನ್ನು ಮಾರಾಟಕ್ಕೆ ಮುಂಚೆಯೇ ಹೇಳಿದ ಅಂಗಡಿಗೆ ಅದೇ ಗ್ರಾಹಕ ಮರಳಿ ಬರುತ್ತಾನೆ. ಮೊದಲ ಕಲ್ಲೇಟಿನ ದಿನ ಸತ್ಯ ತಿಳಿದುಕೊಂಡವನು ಇನ್ನು ಹತ್ತು ಮಂದಿಗೆ ಅಂಗಡಿಯ ಹೆಸರು ಹೇಳುತ್ತಾನೆ. ಆದರೆ ಬೇರೆ ರೀತಿಯಲ್ಲಿ.

ನಿರ್ವಹಣೆ: ನಂಬಿಕೆಯೇ ಬಂಡವಾಳ

ನಿರ್ವಹಣೆಯ ಕ್ಷೇತ್ರದಲ್ಲಿ ಸ್ವತಂತ್ರ ಗ್ಯಾರೇಜುಗಳಿಗೂ ಬಿಡಿಭಾಗ ವರ್ತಕರಿಗೂ ಕಾನೂನಿನ ಬಲ ಒಂದಷ್ಟು ದೊರೆತಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಬಿಡಿಭಾಗಗಳೂ ತಾಂತ್ರಿಕ ಮಾಹಿತಿಯೂ ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ತಡೆದ ಕಾರಣಕ್ಕಾಗಿ 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಗೊಳಿಸುವ ಷರತ್ತು ಸಲ್ಲದೆಂದೂ ಆಯೋಗ ಹೇಳಿತು. ಪ್ರಕರಣ ಮುಂದೆ ಮೇಲ್ಮನವಿಗೆ ಹೋಯಿತಾದರೂ ಆದೇಶ ಎತ್ತಿದ ಮೂಲಪ್ರಶ್ನೆ ಮರೆಯಾಗಲಿಲ್ಲ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿದಾಗ ಆರಿಸಿಕೊಂಡ ವಲಯಗಳಲ್ಲಿ ವಾಹನಗಳೂ ಸೇರಿದ್ದವು.

ಆದರೆ ಹಕ್ಕು ದೊರೆತಾಕ್ಷಣ ನಂಬಿಕೆ ದೊರೆಯುವುದಿಲ್ಲ. ಗ್ರಾಹಕ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ದುಬಾರಿ ಬೆಲೆ ತೆತ್ತು ಹೋಗುವುದಕ್ಕೆ ಮುಖ್ಯ ಕಾರಣ ನಕಲಿ ಮಾಲಿನ ಭಯ. ಅಸಲಿ ಕಂಪನಿಯ ಡಬ್ಬಿಯನ್ನೇ ಹೋಲುವ ಆಯಿಲ್ ಫಿಲ್ಟರ್, ಮರುಬಳಕೆಯ ಡಬ್ಬಿಗೆ ತುಂಬಿದ ಆಯಿಲ್, ಹೊಸ ಪೆಟ್ಟಿಗೆಯಲ್ಲಿ ಹಳೆಯ ಬ್ರೇಕ್ ಪ್ಯಾಡ್ ಮಾರುಕಟ್ಟೆಯಲ್ಲಿವೆ ಎಂಬುದನ್ನು ಯಾವ ವರ್ತಕರೂ ಅಲ್ಲಗಳೆಯಲಾರರು. ನಕಲಿ ಫಿಲ್ಟರಿನಲ್ಲಿ ಸೋಸುವ ಕಾಗದದ ಮಡಿಕೆಗಳು ಕಡಿಮೆ, ರಬ್ಬರ್ ವಾಲ್ವ್ ಕಳಪೆ. ಇಂಜಿನ್ ನಿಲ್ಲಿಸಿದಾಗ ಆಯಿಲ್ ಹಿಂದಕ್ಕೆ ಇಳಿದು, ಮರುದಿನ ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಬೇರಿಂಗುಗಳು ಒಣಗಿಯೇ ಉಜ್ಜುತ್ತವೆ. ಹಾನಿ ಅಂದೇ ಕಾಣದು. ವರ್ಷಗಳ ಬಳಿಕ ಇಂಜಿನ್ ಬಿಚ್ಚಿದಾಗ ಕಾಣುತ್ತದೆ. ಆಗ ಅಪವಾದ ಬರುವುದು ಮೆಕ್ಯಾನಿಕ್ಕಿನ ಮೇಲೆ.

ಹವ್ಯಾಸಿ ಮಾಲೀಕರು ಈ ವಿಷಯದಲ್ಲಿ ಸಂಭಾವನೆಯಿಲ್ಲದ ತಪಾಸಣಾಧಿಕಾರಿಗಳಂತೆ ವರ್ತಿಸುತ್ತಾರೆ. ಭಾಗದ ಸಂಖ್ಯೆ, ಮುದ್ರೆ, ಬ್ಯಾಚ್ ನೋಡುತ್ತಾರೆ. ಆಯಿಲ್‌ಗೆ 5 ಡಬ್ಲ್ಯೂ 30 ದರ್ಜೆ ಸಾಕೇ, ಎಪಿಐ ಶ್ರೇಣಿ ಯಾವುದು ಎಂದು ಕೈಪಿಡಿಯೊಂದಿಗೆ ತಾಳೆ ಹಾಕುತ್ತಾರೆ. ಕೂಲೆಂಟಿಗೆ ಕೊಳವೆಬಾವಿಯ ನೀರು ಬೆರೆಸಿದರೆ ರೇಡಿಯೇಟರಿನ ಕಿರುನಾಳಗಳಲ್ಲಿ ಲವಣ ಕಟ್ಟುವುದೆಂದು ಭಟ್ಟಿ ಇಳಿಸಿದ ನೀರನ್ನೋ ಸಿದ್ಧ ಮಿಶ್ರಣವನ್ನೋ ಕೇಳುತ್ತಾರೆ. ಟೈರಿನ ತೋಡು 1.6 ಮಿಲಿಮೀಟರಿನ ಸವೆತ ಸೂಚಕಕ್ಕೆ ತಲುಪುವ ಮುನ್ನವೇ ಬದಲಾಯಿಸುತ್ತಾರೆ. ಇಂಥವರು ಯಾವ ಅಂಗಡಿಯಲ್ಲಿ ಕಾಯಂ ಗಿರಾಕಿಗಳೋ ಆ ಅಂಗಡಿಯ ಮಾಲು ಶುದ್ಧವೆಂಬ ಪ್ರತೀತಿ ಊರಿನಲ್ಲಿ ತಾನಾಗಿ ಬೆಳೆಯುತ್ತದೆ. ಪತ್ರಿಕೆಯಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟರೂ ದೊರೆಯದ ಪ್ರಚಾರವಿದು.

ರಶೀದಿಯ ವಿಷಯವೂ ಇಲ್ಲಿ ಪ್ರಸ್ತುತ. ಬಿಲ್ ಬೇಕೆಂದರೆ ಒಂದು ಬೆಲೆ, ಬೇಡವೆಂದರೆ ಇನ್ನೊಂದು ಬೆಲೆ ಎಂಬ ಪದ್ಧತಿಗೆ ಶೇಕಡಾ 28ರ ತೆರಿಗೆಯನ್ನು ಕಾರಣವಾಗಿ ಹೇಳಲಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಏಕರೂಪವಾಗಿ ಶೇಕಡಾ 18ರ ಜಿಎಸ್‌ಟಿ ಜಾರಿಗೆ ಬಂದಿತು. ಆ ಸಬೂಬಿನ ತೂಕ ಅಷ್ಟರಮಟ್ಟಿಗೆ ಇಳಿದಿದೆ. ಬಿಲ್ಲಿಲ್ಲದ ಮಾಲಿಗೆ ವಾರಂಟಿಯಿಲ್ಲ, ವಾರಂಟಿಯಿಲ್ಲದ ಅಂಗಡಿಗೆ ಬಲ್ಲ ಗ್ರಾಹಕ ಬರುವುದಿಲ್ಲ.

ಬದಲಾವಣೆಯ ಮಿತಿ, ಮಾರುವವನ ಹೊಣೆ

ಮೂರನೆಯ ಕ್ಷೇತ್ರವೇ ಅತಿ ಸೂಕ್ಷ್ಮವಾದದ್ದು: ಕಾರನ್ನು ಮೇಲ್ದರ್ಜೆಗೇರಿಸುವ ಕೆಲಸ. ಇಲ್ಲಿ ಲಾಭವೂ ಅಧಿಕ, ಅಪಾಯವೂ ಅಧಿಕ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯ ಮೂಲಕ ಹೊಸ ರೂಪ ಪಡೆದ 182ಎ ಪ್ರಕರಣ, ನಿಯಮಬಾಹಿರವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ವರ್ತಕರು ಗಮನಿಸಬೇಕಾದುದು ಅದೇ ಪ್ರಕರಣದ ಇನ್ನೊಂದು ಉಪಪ್ರಕರಣವನ್ನು. ನಿರ್ಣಾಯಕ ಸುರಕ್ಷತಾ ಭಾಗವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡಕ್ಕೆ ವಿರುದ್ಧವಾಗಿ ಮಾರಿದರೆ, ಮಾರಿದವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಸಲ್ಲುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕಿನ ಹೊಣೆಯನ್ನು ತಯಾರಕರಿಗಷ್ಟೇ ಸೀಮಿತಗೊಳಿಸದೆ, ಸರಕನ್ನು ಮಾರ್ಪಡಿಸಿ ಮಾರಿದವರ ಮೇಲೂ ಸೇವೆ ನೀಡಿದವರ ಮೇಲೂ ಹೊರಿಸಿದೆ. "ಗಿರಾಕಿ ಕೇಳಿದ, ಹಾಕಿಕೊಟ್ಟೆವು" ಎಂಬ ಸಮಜಾಯಿಷಿಗೆ ಇನ್ನು ಹೆಚ್ಚಿನ ಬೆಲೆಯಿಲ್ಲ.

ಹೆಡ್‌ಲೈಟಿನ ಉದಾಹರಣೆಯನ್ನು ನೋಡಬಹುದು. ಸಾಮಾನ್ಯ ಎಚ್4 ಹ್ಯಾಲೊಜನ್ ಬಲ್ಬಿನ ಸಾಮರ್ಥ್ಯ 60/55 ವ್ಯಾಟ್. 12 ವೋಲ್ಟಿನಲ್ಲಿ ಅದು ಸುಮಾರು 5 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಅದರ ಜಾಗದಲ್ಲಿ 100 ವ್ಯಾಟ್ ಬಲ್ಬ್ ಹಾಕಿದರೆ 8 ಆಂಪಿಯರಿಗೂ ಮೀರುತ್ತದೆ. ಅದೇ ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಮೊದಲು ಬಲ್ಬ್ ಹೋಲ್ಡರ್ ಕರಗುತ್ತದೆ, ಬಳಿಕ ಸ್ವಿಚ್ಚು. ಕೆಲವೊಮ್ಮೆ ಬೆಂಕಿಯೂ ಹೊತ್ತಿಕೊಳ್ಳಬಹುದು. ಎದುರಿನಿಂದ ಬರುವವರ ಕಣ್ಣು ಕೋರೈಸುವುದಂತೂ ಖಚಿತ. ಮಂದ ಬೆಳಕಿನ ದೂರು ಹೇಳಿಕೊಂಡು ಬಂದ ಗ್ರಾಹಕನಿಗೆ ಒಳ್ಳೆಯ ಅಂಗಡಿ ಮಾಡಬೇಕಾದುದು ಬೇರೆ: ಮಬ್ಬಾದ ಗಾಜನ್ನು ಶುಚಿಗೊಳಿಸುವುದು, ದೀಪದ ಕೋನ ಸರಿಪಡಿಸುವುದು, ನಿಯಮಬದ್ಧ ಶಕ್ತಿಯ ಉತ್ತಮ ಬಲ್ಬಿಗೆ ರಿಲೇ ಮತ್ತು ದಪ್ಪ ತಂತಿಯ ಮೂಲಕ ಬ್ಯಾಟರಿಯಿಂದ ನೇರ ವಿದ್ಯುತ್ ಒದಗಿಸುವುದು. ಅದೂ ತಂತಿ ಕತ್ತರಿಸಿ ಟೇಪು ಸುತ್ತಿ ಅಲ್ಲ. ಸರಿಯಾದ ಕಪ್ಲರ್ ಮತ್ತು ಫ್ಯೂಸ್ ಬಳಸಿ. ಈ ಕಪ್ಲರ್ ಸಹಿತ ವೈರಿಂಗ್ ಜೋಡಣೆಯನ್ನು ತಯಾರಿಸುವುದು ಪೀಣ್ಯದ ಒಂದು ಸಣ್ಣ ಘಟಕಕ್ಕೆ ಅಸಾಧ್ಯವೇನಲ್ಲ.

ಚಕ್ರಗಳ ಮಾತೂ ಹಾಗೆಯೇ. 165/80 ಆರ್ 14 ಟೈರಿನ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರ್. 185/65 ಆರ್ 15ರ ವ್ಯಾಸ ಸುಮಾರು 622 ಮಿಲಿಮೀಟರ್, ವ್ಯತ್ಯಾಸ ನಗಣ್ಯ. ಅದೇ ಕಾರಿಗೆ ನೋಟ ಚೆನ್ನಾಗಿದೆಯೆಂದು 205/65 ಆರ್ 15 ಹಾಕಿದರೆ ವ್ಯಾಸ ಸುಮಾರು 647 ಮಿಲಿಮೀಟರಿಗೆ ಏರಿ, ವೇಗಮಾಪಕ 100 ತೋರಿಸುವಾಗ ನಿಜವಾದ ವೇಗ ಸುಮಾರು ನಾಲ್ಕೂವರೆ ಶೇಕಡಾ ಅಧಿಕವಾಗುತ್ತದೆ. ಸ್ಟೀರಿಂಗ್ ಪೂರ್ಣ ತಿರುಗಿಸಿದಾಗ ಟೈರ್ ಒಳಮೈಗೆ ಉಜ್ಜುವ ಸಂಭವವೂ ಉಂಟು. ಈ ಲೆಕ್ಕಕ್ಕೆ ಕಾಗದ, ಪೆನ್ಸಿಲ್ ಸಾಕು. ಹವ್ಯಾಸಿ ಗ್ರಾಹಕ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿರುತ್ತಾನೆ. ಅಂಗಡಿಯವರು ಹಾಕದಿದ್ದರೆ ಅವಮಾನ ಯಾರಿಗೆಂದು ಹೇಳಬೇಕಾಗಿಲ್ಲ. ಚಕ್ರದ ರಿಮ್ಮುಗಳಿಗೆ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿದ್ದಿದೆ ಎಂಬುದನ್ನೂ ಖರೀದಿಯ ಸಮಯದಲ್ಲಿ ನೆನಪಿಡುವುದು ಲೇಸು.

ಗಾಜಿನ ಫಿಲ್ಮ್ ವ್ಯಾಪಾರ ಕಾನೂನಿನ ಏರಿಳಿತಕ್ಕೆ ಸಿಕ್ಕಿದ ಪರಿ ಎಲ್ಲರಿಗೂ ಪಾಠ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50ರಷ್ಟು ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿದಾಗ ದಾಸ್ತಾನು ಇಟ್ಟಿದ್ದ ವರ್ತಕರು ರಾತ್ರೋರಾತ್ರಿ ನಷ್ಟಕ್ಕೊಳಗಾದರು. ಮುಂದೆ ನಿಯಮಕ್ಕೆ ತಿದ್ದುಪಡಿಯಾಗಿ, 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ನಿಗದಿತ ಪಾರದರ್ಶಕತೆ ಮತ್ತು ಮಾನದಂಡಕ್ಕೆ ಒಳಪಟ್ಟ ಫಿಲ್ಮ್ ಬಳಕೆಗೆ ಅಡ್ಡಿಯಿಲ್ಲವೆಂದು ಹೇಳಿತು. ಇದನ್ನೇ ಹಿಡಿದುಕೊಂಡು ಮತ್ತೆ ಕಗ್ಗತ್ತಲೆಯ ಫಿಲ್ಮ್ ಮಾರುವುದು ಹಳೆಯ ಅನಾಹುತವನ್ನು ಮರಳಿ ಕರೆದಂತೆ. ಪ್ರಮಾಣಪತ್ರವಿಲ್ಲದ ಸುರುಳಿಯನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳದಿರುವುದೇ ಜಾಣತನ. ಮುಂಬದಿಯ ಕಬ್ಬಿಣದ ಕ್ರ್ಯಾಶ್ ಗಾರ್ಡುಗಳ ಕತೆಯೂ ಇದೇ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಅವನ್ನು ಬೆಸೆದು ಕೊಡುತ್ತಿದ್ದ ಫ್ಯಾಬ್ರಿಕೇಷನ್ ಘಟಕಗಳು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು.

ವರ್ತಕರ ಆಕ್ಷೇಪಗಳು

ಇಷ್ಟನ್ನು ಕೇಳಿದ ಅನುಭವಿ ವರ್ತಕರು ಎತ್ತುವ ಆಕ್ಷೇಪಗಳನ್ನು ಹಗುರವಾಗಿ ಕಾಣುವಂತಿಲ್ಲ. ಹವ್ಯಾಸಿ ಗ್ರಾಹಕ ಒಂದು ಗಂಟೆ ಪ್ರಶ್ನೆ ಕೇಳಿ, ಕೊನೆಗೆ ಅದೇ ವಸ್ತುವನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾನೆಂಬುದು ಮೊದಲನೆಯದು. ಬಹುಪಾಲು ಗ್ರಾಹಕರು ಬೆಲೆಯನ್ನಷ್ಟೇ ನೋಡುವಾಗ ಗುಣಮಟ್ಟದ ಮಾಲು ಕಪಾಟಿನಲ್ಲೇ ಉಳಿಯುತ್ತದೆಂಬುದು ಎರಡನೆಯದು. ತಾನು ನಿರಾಕರಿಸಿದ ಫಿಲ್ಮನ್ನೋ ಬಲ್ಬನ್ನೋ ಪಕ್ಕದ ಅಂಗಡಿ ಹಾಕಿಕೊಡುತ್ತದೆಂಬುದು ಮೂರನೆಯದು.

ಮೊದಲ ಆಕ್ಷೇಪ ನಿಜ. ಆದರೆ ಅಲ್ಲಿಯೇ ಪರಿಹಾರವೂ ಇದೆ. ವಸ್ತುವನ್ನು ಮನೆಗೆ ತರಿಸಿಕೊಂಡವನಿಗೂ ಅದನ್ನು ಕೂರಿಸುವ ಕೈ ಬೇಕು. ಅಳವಡಿಕೆಗೆ ಪ್ರತ್ಯೇಕ ದರಪಟ್ಟಿ ಹಾಕಿ, ಕೆಲಸಕ್ಕೆ ಲಿಖಿತ ಖಾತರಿ ಕೊಡುವ ಅಂಗಡಿಗೆ ವಸ್ತು ಎಲ್ಲಿಂದ ಬಂದರೂ ಸಂಪಾದನೆಯಿದೆ. ಸಲಹೆಯನ್ನು ಉಚಿತವಾಗಿ ಕೊಟ್ಟು, ಮಾಲಿನ ಲಾಭದಲ್ಲಿ ಅದನ್ನು ತುಂಬಿಕೊಳ್ಳುವ ಹಳೆಯ ಲೆಕ್ಕಾಚಾರ ಮಾತ್ರ ಇನ್ನು ನಡೆಯದು. ಎರಡನೆಯ ಆಕ್ಷೇಪಕ್ಕೆ ಉತ್ತರ ನಿಧಾನವಾದದ್ದು. ಬೆಲೆ ನೋಡುವ ಗ್ರಾಹಕ ತನಗಿಂತ ಹೆಚ್ಚು ಬಲ್ಲ ನೆಂಟನನ್ನೋ ಸಹೋದ್ಯೋಗಿಯನ್ನೋ ಕೇಳಿಯೇ ಅಂಗಡಿಗೆ ಬರುತ್ತಾನೆ. ಆ ಬಲ್ಲವನೇ ಹವ್ಯಾಸಿ ಮಾಲೀಕ. ಮೂರನೆಯ ಆಕ್ಷೇಪ ಒಬ್ಬ ವರ್ತಕನಿಂದ ಬಗೆಹರಿಯುವಂಥದಲ್ಲ. ಅದಕ್ಕೆ ಸಂಘಟಿತ ನಡೆಯೇ ಬೇಕು.

ಸಂಘಟಿತವಾಗಿ ಆಗಬೇಕಾದುದು

ವಾಣಿಜ್ಯೋದ್ಯಮ ಸಂಸ್ಥೆಗಳು ಈ ದಿಸೆಯಲ್ಲಿ ನಾಲ್ಕು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು. ಮೊದಲನೆಯದು, ಅಳವಡಿಕೆಗೆ ಒಂದು ಸ್ವಯಂ ಸಂಹಿತೆ. ಯಾವ ಮಾರ್ಪಾಡು ಕಾನೂನುಬದ್ಧ, ಯಾವುದಕ್ಕೆ ಸಾರಿಗೆ ಕಚೇರಿಯ ಅನುಮತಿ ಬೇಕು, ಯಾವುದು ನಿಷಿದ್ಧ ಎಂಬ ಸರಳ ಕನ್ನಡದ ಪಟ್ಟಿ ಪ್ರತಿ ಅಂಗಡಿಯ ಗೋಡೆಯ ಮೇಲಿರಲಿ. ಕಾರಿನ ಬಣ್ಣ ಬದಲಿಸುವುದಕ್ಕೂ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕೆಂಬುದು ಇಂದಿಗೂ ಅನೇಕ ಗ್ರಾಹಕರಿಗೆ ತಿಳಿಯದು. ಒಂದೇ ರಸ್ತೆಯ ಅಂಗಡಿಗಳೆಲ್ಲ ಒಂದೇ ಪಟ್ಟಿಯನ್ನು ತೂಗುಹಾಕಿದರೆ "ಪಕ್ಕದವರು ಹಾಕಿಕೊಡುತ್ತಾರೆ" ಎಂಬ ಮಾತಿನ ಬಲ ಕುಗ್ಗುತ್ತದೆ.

ಎರಡನೆಯದು, ಕೆಲಸದ ಹುಡುಗರ ತರಬೇತಿ. ಕಾರಿನ ವೈರಿಂಗಿಗೆ ಕೈ ಹಾಕುವ ಯುವಕರಲ್ಲಿ ಅನೇಕರು ನೋಡಿ ಕಲಿತವರೇ ಹೊರತು ಓದಿ ಕಲಿತವರಲ್ಲ. ಅವರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಏರ್‌ಬ್ಯಾಗಿನ ತಂತಿ ಯಾವುದು, ಕ್ಯಾನ್ ಜಾಲದ ತಂತಿ ಯಾವುದು ಎಂದು ತಿಳಿಯದೆ ಟೆಸ್ಟ್ ಲ್ಯಾಂಪ್ ಚುಚ್ಚುವುದು ಈಗಿನ ಕಾರುಗಳಲ್ಲಿ ಅಪಾಯಕಾರಿ. ಕೈಗಾರಿಕಾ ತರಬೇತಿ ಸಂಸ್ಥೆಗಳೊಂದಿಗೆ ಸೇರಿ ಸಂಜೆಯ ಕಿರು ತರಬೇತಿ ಏರ್ಪಡಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಂಗಡಿಯ ಹೆಸರು ಉಳಿಯುವುದೂ ಅಳಿಯುವುದೂ ಈ ಹುಡುಗರ ಕೈಯಲ್ಲಿ ಎಂಬುದನ್ನು ಮಾಲೀಕರು ಮರೆಯಬಾರದು.

ಮೂರನೆಯದು, ಸಣ್ಣ ತಯಾರಕರಿಗೆ ಪರೀಕ್ಷೆಯ ನೆರವು. ಶಾಂಪೂ, ಮೈಕ್ರೋಫೈಬರ್ ಬಟ್ಟೆ, ರಬ್ಬರ್ ನೆಲಹಾಸು, ತೆಂಗಿನ ನಾರಿನ ಹಾಸು, ವೈಪರ್ ರಬ್ಬರ್, ವೈರಿಂಗ್ ಜೋಡಣೆ, ಇಲಿ ತಡೆಯುವ ಜಾಲರಿ, ಇವೆಲ್ಲ ಸಣ್ಣ ಘಟಕಗಳ ಅಳವಿನಲ್ಲೇ ಇರುವ ವಸ್ತುಗಳು. ಇಲಿಗಳ ಕಾಟಕ್ಕೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ತೂಗುಹಾಕುವ ಮಾಲೀಕರಿಗೆ ಅಳತೆಗೆ ಸರಿಯಾದ ತುಕ್ಕುರಹಿತ ಜಾಲರಿ ಮಾಡಿಕೊಡುವವರಿದ್ದರೆ ಅದಕ್ಕೊಂದು ಮಾರುಕಟ್ಟೆ ಖಂಡಿತ ಉಂಟು. ಒಂದೊಂದು ಘಟಕ ಒಂಟಿಯಾಗಿ ಪ್ರಯೋಗಾಲಯದ ಶುಲ್ಕ ಭರಿಸುವುದು ಕಷ್ಟ. ಹತ್ತು ಘಟಕಗಳು ಕೂಡಿದರೆ ಹಗುರ. 2022ರಲ್ಲಿ ಆರಂಭವಾದ ಝೆಡ್ ಪ್ರಮಾಣೀಕರಣ ಯೋಜನೆಯಲ್ಲಿ ಅತಿ ಸಣ್ಣ ಘಟಕಗಳಿಗೆ ಶುಲ್ಕದ ಶೇಕಡಾ 80, ಸಣ್ಣ ಘಟಕಗಳಿಗೆ ಶೇಕಡಾ 60ರಷ್ಟು ಸಹಾಯಧನ ಗೊತ್ತುಪಡಿಸಲಾಗಿತ್ತು. ಇಂಥ ಯೋಜನೆಗಳ ಮಾಹಿತಿ ಸಭೆಯ ನಡಾವಳಿಯಲ್ಲೇ ಉಳಿಯದೆ ಕಾರ್ಖಾನೆಯ ಬಾಗಿಲಿಗೆ ತಲುಪಬೇಕು.

ನಾಲ್ಕನೆಯದು, ಹವ್ಯಾಸಿ ಮಾಲೀಕರೊಂದಿಗೆ ನೇರ ಒಡನಾಟ. ಹೊಸ ಶಾಂಪೂವಿನ ಮೊದಲ ತಂಡವನ್ನು ಐವತ್ತು ಮಂದಿ ಬಲ್ಲವರಿಗೆ ಕೊಟ್ಟು ಅಭಿಪ್ರಾಯ ಪಡೆದರೆ ತಯಾರಕರಿಗೆ ದೊರೆಯುವ ತಿಳಿವಳಿಕೆ ಯಾವ ಸಲಹಾ ಸಂಸ್ಥೆಯಿಂದಲೂ ಆ ವೆಚ್ಚದಲ್ಲಿ ದೊರೆಯದು. ನೊರೆ ಕಡಿಮೆಯೇ, ಗಡಸು ನೀರಿನಲ್ಲಿ ಕಲೆ ಉಳಿಯುತ್ತದೆಯೇ, ಮುಚ್ಚಳ ಸೋರುತ್ತದೆಯೇ ಎಂದು ಅವರು ನಿರ್ದಾಕ್ಷಿಣ್ಯವಾಗಿ ಹೇಳುತ್ತಾರೆ. ಆ ನಿರ್ದಾಕ್ಷಿಣ್ಯವೇ ಉತ್ಪನ್ನಕ್ಕೆ ದೊರೆಯುವ ಉಪಕಾರ.

ಕಾರು ಕೊಳ್ಳುವುದು ಮಧ್ಯಮವರ್ಗದ ಕುಟುಂಬಕ್ಕೆ ಇಂದಿಗೂ ಮನೆಯ ನಂತರದ ದೊಡ್ಡ ವೆಚ್ಚ. ಅದನ್ನು ಹತ್ತು ಹದಿನೈದು ವರ್ಷ ಸುಸ್ಥಿತಿಯಲ್ಲಿಡಬೇಕೆಂಬ ಆಸೆ ಎಲ್ಲರಿಗೂ ಇದೆ. ಹೇಗೆಂಬ ಅರಿವು ಕೆಲವರಿಗಷ್ಟೇ ಇದೆ. ಆ ಅರಿವನ್ನು ಹಂಚುವ ಅಂಗಡಿ ಸಾಮಾನು ಮಾರುವ ಜಾಗವಾಗಿ ಉಳಿಯದೆ ಊರಿನ ಭರವಸೆಯ ಕೇಂದ್ರವಾಗುತ್ತದೆ. ಪ್ರಶ್ನೆ ಕೇಳುವ ಗ್ರಾಹಕನನ್ನು ಬಾಗಿಲಿನಿಂದಲೇ ಸಾಗಹಾಕುವ ಅಂಗಡಿ ಅವನೊಂದಿಗೆ ತನ್ನ ಮುಂದಿನ ದಿನಗಳನ್ನೂ ಸಾಗಹಾಕುತ್ತದೆ. ಅವನಿಗೊಂದು ಕುರ್ಚಿ ಹಾಕಿ ಕೂರಿಸಿ, ಕೇಳಿದ್ದಕ್ಕೆ ನಿಜವಾದ ಉತ್ತರ ಕೊಟ್ಟು, ಗೊತ್ತಿಲ್ಲದ್ದನ್ನು ವಿಚಾರಿಸಿ ತಿಳಿಸುವುದಾಗಿ ಹೇಳುವ ವರ್ತಕರಿಗೆ ಈ ವ್ಯಾಪಾರದಲ್ಲಿ ಇನ್ನೂ ದೀರ್ಘವಾದ ದಾರಿಯಿದೆ.